ಬಾವಿಯ ಪಾವಟಿಗೆ

ಕಬ್ಬಿಣಕ್ಕೆ ಮೈಲಿಗೆ ಇಲ್ಲ ಎಂದು ಜಮಖಂಡಿಯ ಸಂತೆಗೆ ಬರುವ ರೈತರು ಹೇಳುತ್ತಿದ್ದರು. ಆ ಒಂದು ಮಾತಿನ ಮೇಲೆ ಹುಲೆಪ್ಪನ ಅಂಗಡಿ ನಿಂತಿತ್ತು.

ಅಂಗಡಿ ಎಂದರೆ ಮುಧೋಳದ ರಸ್ತೆಗೆ ಮುಖ ಮಾಡಿದ ತಗಡಿನ ಚಪ್ಪರ. ಒಳಗೆ ಸಣ್ಣ ಇಂಜಿನ್ನುಗಳು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಪುಣೆಯಲ್ಲಿ ಲಿಲಾವಾದ ಮಿಲಿಟರಿ ಮಾಲು. ಹುಲೆಪ್ಪ ಯುದ್ಧದ ಕಾಲಕ್ಕೆ ಅಲ್ಲಿನ ಮಿಲಿಟರಿ ಕಾರಖಾನೆಯಲ್ಲಿ ಕಸ ಗುಡಿಸಲು ಸೇರಿದ್ದ. ಕೊನೆಗೆ ಇಂಜಿನ್ ಬಿಚ್ಚಿ ಕೂಡಿಸುವ ಮಿಸ್ತ್ರಿಯಾಗಿ ಮರಳಿದ. ಹೊಲಗೇರಿಯವನು ಮಿಸ್ತ್ರಿಯಾದದ್ದು ಆ ಸೀಮೆಯಲ್ಲಿ ಅದೇ ಮೊದಲು. ಹೆಂಡತಿ ರುಕ್ಮವ್ವನ ಬೆಳ್ಳಿ ಕಡಗ ಮಾರಿ ಮೊದಲ ಇಂಜಿನ್ ತಂದ. ತುಕ್ಕು ಹಿಡಿದದ್ದನ್ನು ಬಿಚ್ಚುವುದು ಅವನು. ಮಸಿ ಕೆರೆಯುವುದು ಅವಳು. ಪೆಟ್ರೋಲ್ ಹಾಕಿ ಚಾಲೂ ಮಾಡಿ, ಬಿಸಿಯಾದ ಮೇಲೆ ಚಿಮಣಿ ಎಣ್ಣೆಗೆ, ಅಂದರೆ ಸೀಮೆಎಣ್ಣೆಗೆ, ತಿರುಗಿಸಿದರೆ ಅದು ದಿನವೆಲ್ಲ ನೀರು ಎತ್ತುತ್ತಿತ್ತು. ಜೋಡಿ ಎತ್ತುಗಳು ವಾರದಲ್ಲಿ ಎತ್ತುವ ನೀರು.

ಕೊಳ್ಳುವವರು ಹೊರಗೇ ನಿಲ್ಲುತ್ತಿದ್ದರು. ಇಂಜಿನ್ ಬೇಕು, ಚಪ್ಪರದ ನೆರಳು ಬೇಡ. ಹೊರಗೆ ಹೊತ್ತು ತಂದು, ಚಾಲೂ ಮಾಡಿ ತೋರಿಸಬೇಕು. ಹ್ಯಾಂಡಲ್ ತಿರುವುವವಳು ರುಕ್ಮವ್ವ. ಇಂಜಿನ್ ಉಲ್ಟಾ ಒದ್ದರೆ ಹ್ಯಾಂಡಲ್ ಕೈ ಮುರಿಯುತ್ತದೆ. ಅವಳ ಬಲ ಮಣಿಕಟ್ಟು ಹಾಗೆ ಮುರಿದು ಸೊಟ್ಟಗೆ ಕೂಡಿತ್ತು. ಆ ಸೊಟ್ಟ ಕೈಯಿಂದಲೇ ತಿರುವುತ್ತಿದ್ದಳು. ಮಾರಿದ ಇಂಜಿನ್ನನ್ನು ಗಂಡಹೆಂಡಿರೇ ಗಾಡಿಗೆ ಏರಿಸುತ್ತಿದ್ದರು. ಕೊಂಡವನು ಚರಿಗೆಯ ನೀರನ್ನು ಇಂಜಿನ್ನಿನ ಮೇಲೆ ಚಿಮುಕಿಸಿ ಗಾಡಿ ಹೊಡೆಯುತ್ತಿದ್ದ. ಕಬ್ಬಿಣಕ್ಕೆ ಮೈಲಿಗೆ ಇಲ್ಲ. ಆದರೂ ಇರಲಿ.

ಇದನ್ನೆಲ್ಲ ಅವರು ಸಹಿಸಿಕೊಂಡಿದ್ದರು. ಸಹಿಸದೆ ಹೊಟ್ಟೆ ನಡೆಯುತ್ತಿರಲಿಲ್ಲ.

ಹಿಪ್ಪರಗಿಯ ಆಚೆ, ಹೊಳೆ ದಂಡೆಯ ಒಂದು ಊರು ಹುಲೆಪ್ಪ ಹುಟ್ಟಿದ ಊರು. ಅವನ ಅಣ್ಣ ಕರೆಪ್ಪ ಇನ್ನೂ ಅಲ್ಲಿನ ಕೇರಿಯಲ್ಲಿದ್ದ. ಆ ಊರಿನ ದೊಡ್ಡ ಜಮೀನುದಾರ ಗಿರಮಲ್ಲಪ್ಪ. ಕಬ್ಬು ಹಚ್ಚಿದ ಹುರುಪಿನಲ್ಲಿ ಹುಲೆಪ್ಪನಿಂದ ಒಂದು ಇಂಜಿನ್ ಕೊಂಡ. ಅವನ ತೋಟದ ಬಾವಿ ದೊಡ್ಡದು, ಆಳ. ಆಳದ ಬಾವಿಗೆ ಇಂಜಿನ್ನನ್ನು ದಂಡೆಯ ಮೇಲೆ ಇಟ್ಟರೆ ಪಂಪು ನೀರು ಎಳೆಯುವುದಿಲ್ಲ. ಬಾವಿಯೊಳಗೆ, ನೀರಿಗೆ ಹತ್ತಿರ, ಗೋಡೆಗೆ ಹೊಂದಿದ ಕಲ್ಲಿನ ಕಟ್ಟೆಯ ಮೇಲೆ ಇಡಬೇಕು. ಬೇಸಿಗೆಗೆ ನೀರು ಇಳಿದಂತೆ ಇಂಜಿನ್ನನ್ನೂ ಕೆಳಗಿನ ಕಟ್ಟೆಗೆ ಇಳಿಸಬೇಕು.

ಬಾವಿಗೆ ಕಲ್ಲಿನ ಪಾವಟಿಗೆ ಇದ್ದವು. ನೀರಿನವರೆಗೂ ಇದ್ದವು. ಗಿರಮಲ್ಲಪ್ಪನ ಮನೆಯವರು, ಸುತ್ತಿನ ಮನೆಗಳವರು ಅವನ್ನು ಇಳಿದು ಕುಡಿಯುವ ನೀರು ತುಂಬುತ್ತಿದ್ದರು. ಹುಲೆಪ್ಪ ಅವುಗಳ ಮೇಲೆ ಕಾಲಿಡುವ ಹಾಗಿರಲಿಲ್ಲ. ಅವನನ್ನು ಎದುರಿನ ಗೋಡೆಯಿಂದ ಹಗ್ಗ ಕಟ್ಟಿ ಇಳಿಸುತ್ತಿದ್ದರು. ಸೊಂಟಕ್ಕೆ ಹಗ್ಗ, ಹೆಗಲಿಗೆ ಬೋಲ್ಟು ತಿರುಗಿಸುವ ಪಾನಾಗಳ ಚೀಲ. ಗೋಡೆಯ ಕಲ್ಲು ಮೊಳಕಾಲು ಕೆರೆಯುತ್ತಿತ್ತು.

ಪಂಪಿನ ಕೊಳವೆಯ ಬುಡ ನೀರಿನೊಳಗೆ ಇರುತ್ತದೆ. ಅದಕ್ಕೆ ಕಸ ಸಿಕ್ಕರೆ ಹುಲೆಪ್ಪ ಅದೇ ನೀರಿನಲ್ಲಿ ಮುಳುಗಿ ತೆಗೆಯುತ್ತಿದ್ದ. ಆಗ ಯಾರೂ ಬೇಡ ಅನ್ನಲಿಲ್ಲ. ಅವನು ಹೋದ ಮೇಲೆ ಗೋಮೂತ್ರ ಸಿಂಪಡಿಸಿದರೆ ಸಾಕಿತ್ತು. ಅದಕ್ಕೂ ಮೊದಲು, ಎತ್ತು ಕಟ್ಟಿ ನೀರೆತ್ತುವಾಗ, ಕೆಳಗಿನ ಕೇರಿಯವರು ಹೊಲಿದ ತೊಗಲಿನ ಬಾನಿ ಆ ಬಾವಿಯಲ್ಲಿ ದಿನಾ ಮುಳುಗಿ ಏಳುತ್ತಿತ್ತು. ಅದಕ್ಕೂ ಯಾರೂ ಬೇಡ ಅಂದಿರಲಿಲ್ಲ. ಪಾವಟಿಗೆ ಬೇರೆ. ಪಾವಟಿಗೆ ಇಳಿದು ಬಂದರೆ ಮನುಷ್ಯ ಬಂದ ಹಾಗೆ. ಹಗ್ಗದಲ್ಲಿ ಇಳಿದರೆ ಸಾಮಾನು ಇಳಿದ ಹಾಗೆ.

ಬಾವಿಯೊಳಗೆ ಇಂಜಿನ್ ಇಟ್ಟರೆ ಹೊಗೆಯನ್ನು ಕೊಳವೆ ಹಚ್ಚಿ ಮೇಲಕ್ಕೆ ಬಿಡಬೇಕು. ಹುಲೆಪ್ಪ ಹಾಗೆಯೇ ಹಚ್ಚಿದ್ದ. ಕೊಳವೆಯ ಬಾಯಿ ಬಾವಿಯ ದಂಡೆಯ ಸಣ್ಣ ಗುಡಿಯ ಹತ್ತಿರ ಬಂದಿತ್ತು. ಮುಂದಿನ ಬೇಸಿಗೆಗೆ ಇಂಜಿನ್ ಇಳಿಸಲು ಹೋದಾಗ ಕೊಳವೆ ಇರಲಿಲ್ಲ. ಇಂಜಿನ್ನಿನ ತುದಿಯಲ್ಲೇ ಕತ್ತರಿಸಿದ್ದರು.

"ಗೌಡ್ರ, ಕೊಳವಿ ಯಾಕ ತಗಸೀರಿ?" ಎಂದು ಹುಲೆಪ್ಪ ಕೇಳಿದ.

"ಮಸಿ ದೇವರ ಮಾರಿಗೆ ಬಡೀತಿತ್ತು. ಮಗನ ಮದವಿ ಇತ್ತು, ಗುಡಿಗೆ ಸುಣ್ಣಾ ಹಚ್ಚಿಸಿದ್ವಿ."

"ಒಳಗ ಹೊಗಿ ನಿಂತರ ಮನಷ್ಯಾ ಉಳ್ಯೂದಿಲ್ರಿ. ಕೊಳವಿ ಹಚ್ಚದ ಚಾಲೂ ಮಾಡಬಾರದ್ರಿ."

"ಚಾಲೂ ಮಾಡಿ ಮ್ಯಾಲ ಬಾ. ಅಲ್ಲೇ ಮಲಗಂತ ಯಾರ ಹೇಳ್ಯಾರ ನಿನಗ?" ಎಂದ ಗಿರಮಲ್ಲಪ್ಪ.

ಸುತ್ತಲಿದ್ದ ಆಳುಗಳು ನಕ್ಕರು. ಬಿಸಿಲಿಗೆ ಕಬ್ಬಿನ ಎಲೆ ಸುರುಳಿ ಸುತ್ತಿಕೊಂಡಿದ್ದವು. ಹುಲೆಪ್ಪ ಪಾನಾಗಳ ಚೀಲ ಹೆಗಲಿಗೆ ಹಾಕಿಕೊಂಡ. ಅವನನ್ನು ಕೂಲಿಗೆ ಕರೆದಿರಲಿಲ್ಲ, ಇಂಜಿನ್ ಮಾರಿದ ತಪ್ಪಿಗೆ ಕರೆದಿದ್ದರು. ಬರುವುದಿಲ್ಲ ಎಂದಿದ್ದರೆ ಹೊಳೆ ದಂಡೆಯ ಯಾವ ಊರಿನವರೂ ಅವನ ಅಂಗಡಿಯ ಮುಂದೆ ಗಾಡಿ ನಿಲ್ಲಿಸುತ್ತಿರಲಿಲ್ಲ.

ಅವನು ಹಗ್ಗ ಕಟ್ಟಿಕೊಂಡು ಇಳಿದ. ರುಕ್ಮವ್ವ ದಂಡೆಯ ಮೇಲೆ ನಿಂತಳು. ಇಂಜಿನ್ ಕೆಳಗಿನ ಕಟ್ಟೆಗೆ ಇಳಿಯಿತು. ಅದನ್ನು ಬೋಲ್ಟು ಹಾಕಿ ಬಿಗಿಯಲು ಅವನು ಸೊಂಟದ ಹಗ್ಗ ಬಿಚ್ಚಿದ. ಹ್ಯಾಂಡಲ್ ತಾನೇ ತಿರುವಿದ. ಇಂಜಿನ್ ಹತ್ತಲಿಲ್ಲ. ಮತ್ತೆ ತಿರುವಿದ, ಮತ್ತೆ ತಿರುವಿದ. ಹತ್ತಿತು. ಬಾವಿಯ ತುಂಬ ಸದ್ದು. ನೀರು ಕಾಲುವೆಗೆ ಬಂತು. ಗಿರಮಲ್ಲಪ್ಪನ ಆಳುಗಳು ಕಾಲುವೆಯ ಕಡೆ ಓಡಿದರು.

ರುಕ್ಮವ್ವ ಒಳಗೇ ನೋಡುತ್ತಿದ್ದಳು. ಚಿಮಣಿ ಎಣ್ಣೆಗೆ ತಿರುಗಿಸಬೇಕಾದರೆ ಬಿಸಿಯಾಗುವ ತನಕ ಅಲ್ಲೇ ನಿಲ್ಲಬೇಕು. ಅವನು ನಿಂತಿದ್ದ. ಹೊಗೆ ನೀರಿನ ಮೇಲೆ ಹಬ್ಬಿ ಅವನ ಎದೆಗೆ ಬಂತು. ಕೆಮ್ಮು ಕೇಳಿಸಿತು. ಆಮೇಲೆ ಕೆಮ್ಮು ಇಲ್ಲ. ಅವನು ಗೋಡೆಗೆ ಒರಗಿದ, ಕುಸಿದ. ಒಂದು ಕೈ ಕಟ್ಟೆಯಿಂದ ನೀರಿಗೆ ಜೋತುಬಿತ್ತು.

"ಎಚ್ಚರ ತಪ್ಪೇತ್ರಿ ಅವಂಗ. ಯಾರರ ಇಳೀರಿ" ಎಂದು ಅವಳು ಕೂಗಿದಳು.

ಹಗ್ಗ ಹಿಡಿದವರು ಹಗ್ಗ ಅಲುಗಿಸಿದರು. ಬರಿ ಹಗ್ಗ ಅಲುಗಿತು. ಆಳುಗಳು ಪಾವಟಿಗೆಯ ಬಾಯಿಗೆ ಬಂದು ನಿಂತರು. ಒಬ್ಬನ ಮುಖ ಇನ್ನೊಬ್ಬ ನೋಡಿದ. ಇಳಿದರೆ ಅವನನ್ನು ಮುಟ್ಟಬೇಕು. ಎತ್ತಬೇಕು. ಹೆಗಲ ಮೇಲೆ ಹೊರಬೇಕು.

"ಕೇರಿಗೆ ಆಳ ಕಳಿಸ್ರಿ, ಅವರ ಮಂದಿ ಬಂದು ತಗೀಲಿ" ಎಂದ ಗಿರಮಲ್ಲಪ್ಪ.

ಕೇರಿ ಹೊಲಗಳ ಆಚೆ. ಬಿಸಿಲು ಹೊತ್ತಿನಲ್ಲಿ ಅಲ್ಲಿ ಯಾರೂ ಇರುವುದಿಲ್ಲ. ಕರೆಪ್ಪನೂ ದೂರದ ಹೊಲದಲ್ಲಿ ಕೂಲಿಗೆ ಹೋಗಿದ್ದ. ಇಂಜಿನ್ ಓಡುತ್ತಲೇ ಇತ್ತು.

ರುಕ್ಮವ್ವ ಪಾವಟಿಗೆಯ ಕಡೆ ನಡೆದಳು. ಒಬ್ಬ ಕೋಲು ಅಡ್ಡ ಹಿಡಿದ.

"ಇಲ್ಲಿಂದಲ್ಲ ಬೇ. ಹಗ್ಗ ಕೊಡತೇವಿ, ಆ ಕಡಿಂದ ಇಳಿ."

ಅವಳು ಕೋಲು ತಳ್ಳಿದಳು. ಅವನು ಅವಳನ್ನು ಮುಟ್ಟಲಾರದೆ ಹಿಂದೆ ಸರಿದ. ಮೈಲಿಗೆ ಅವಳಿಗೆ ದಾರಿ ಬಿಡಿಸಿತು.

ಅವಳು ಇಳಿದಳು. ಕಲ್ಲು ತಣ್ಣಗಿದ್ದವು, ಪಾಚಿಯಿಂದ ಜಾರುತ್ತಿದ್ದವು. ಸೆರಗು ನೀರಲ್ಲಿ ಅದ್ದಿ ಮೂಗಿಗೆ ಕಟ್ಟಿಕೊಂಡಳು. ಎದೆಮಟ್ಟದ ನೀರು ದಾಟಿ ಕಟ್ಟೆಗೆ ಹೋದಳು. ಕಣ್ಣು ಉರಿಯಿತು, ತಲೆಯೊಳಗೆ ಗುಂಯ್ ಎಂದಿತು. ಪ್ಲಗ್ಗಿನ ತಂತಿ ಹಿಡಿದು ಕಿತ್ತಳು. ಒದ್ದೆ ಕೈಗೆ ಕರೆಂಟು ಹೊಡೆದು ಭುಜದವರೆಗೆ ಜುಂ ಎಂದಿತು. ಇಂಜಿನ್ ನಿಂತಿತು. ಗಂಡನ ಬಗಲಿಗೆ ಕೈ ಹಾಕಿ ನೀರಿಗೆ ಎಳೆದಳು. ನೀರಿನಲ್ಲಿ ಅವನು ಹಗುರ. ಪಾವಟಿಗೆಗೆ ಬಂದ ಮೇಲೆ ಹೆಣದ ಭಾರ. ಬೆನ್ನಿನ ಮೇಲೆ ಹಾಕಿಕೊಂಡಳು. ನಿಲ್ಲಲಾಗಲಿಲ್ಲ. ಮೊಳಕಾಲ ಮೇಲೆ, ಅಂಗೈ ಊರಿ, ಒಂದೊಂದೇ ಕಲ್ಲು ಹತ್ತಿದಳು. ಸೊಟ್ಟ ಮಣಿಕಟ್ಟು ಪ್ರತಿ ಕಲ್ಲಿಗೂ ಚೀರುತ್ತಿತ್ತು. ಮೇಲೆ ಮುಖಗಳು ಸಾಲಾಗಿ ಕಾಣುತ್ತಿದ್ದವು. ಒಂದು ಕೈ ಕೆಳಗೆ ಬರಲಿಲ್ಲ. ಅವಳು ಮೇಲೆ ಬಂದಾಗ ಅವರು ಸರಿದು ಜಾಗ ಬಿಟ್ಟರು. ಅಷ್ಟನ್ನು ಮಾಡಿದರು.

ಹುಲೆಪ್ಪ ಸಾಯಲಿಲ್ಲ. ಸಂಜೆಗೆ ಕಣ್ಣು ಬಿಟ್ಟ. ಆದರೆ ಬಾವಿಗೆ ಇಳಿದ ಹುಲೆಪ್ಪ ಬಾವಿಯಿಂದ ಮೇಲೆ ಬರಲಿಲ್ಲ. ಕೈ ನಡುಗುತ್ತಿದ್ದವು. ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಪಾನಾ ಕೈಗೆ ಕೊಟ್ಟರೆ ತಿರುಗಿಸಿ ತಿರುಗಿಸಿ ನೋಡುತ್ತ ಕೂಡುತ್ತಿದ್ದ, ಅದು ಯಾತಕ್ಕೆ ಎಂದು ತಿಳಿಯದವನ ಹಾಗೆ. ರುಕ್ಮವ್ವನನ್ನು ಕೆಲವು ಸಲ ಸತ್ತುಹೋದ ತನ್ನ ಅವ್ವನ ಹೆಸರಿನಿಂದ ಕರೆಯುತ್ತಿದ್ದ. ಅವಳು ಓಗೊಡುತ್ತಿದ್ದಳು.

ಊರು ಪಂಚಾಯತಿ ಸೇರಿತು. ಮನುಷ್ಯ ಹಾಳಾದದ್ದಕ್ಕೆ ಅಲ್ಲ. ಪಾವಟಿಗೆ ಕೆಟ್ಟದ್ದಕ್ಕೆ. ಅವನ್ನು ತೊಳೆದರು, ಬಾವಿಯ ನೀರು ತೆಗೆಸಿದರು, ಜಂಗಮರನ್ನು ಕರೆಸಿದರು. ರುಕ್ಮವ್ವ ಬಂದು ಪಾವಟಿಗೆಯ ಮುಂದೆ ನೆಲಕ್ಕೆ ಮೂಗು ತಿಕ್ಕಿ ತಪ್ಪು ಒಪ್ಪಬೇಕು ಎಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಕೇರಿಯವರಿಗೆ ಹೊಲದ ಕೆಲಸವಿಲ್ಲ, ಅಂಗಡಿಯಲ್ಲಿ ಸಾಮಾನಿಲ್ಲ, ಗಿರಣಿಯಲ್ಲಿ ಹಿಟ್ಟಿಲ್ಲ.

ಇಂಜಿನ್ ನಿಂತಲ್ಲೇ ಇತ್ತು. ಮಿರಜದಿಂದ ಒಬ್ಬ ಮಿಸ್ತ್ರಿಯನ್ನು ಕರೆಸಿದರು. ಅವನು ಪಾವಟಿಗೆಯಲ್ಲೇ ಇಳಿದು ನೋಡಿದ. ಮಿಲಿಟರಿ ಮಾಲಿನ ಗುರುತು ತನಗಿಲ್ಲ ಎಂದು ಹತ್ತಿ ಹೋದ. ಅವನಿಗೆ ಎಲೆಯಲ್ಲಿ ಊಟ ಹಾಕಿ ಕಳಿಸಿದರು.

ಒಂದು ಮುಂಜಾನೆ ಕರೆಪ್ಪ ಹೆಂಡತಿ ಅನಸವ್ವನನ್ನು ಕರೆದುಕೊಂಡು ಜಮಖಂಡಿಯ ಅಂಗಡಿಗೆ ಬಂದ. ನಡೆದೇ ಬಂದಿದ್ದರು. ಅನಸವ್ವನ ಗಲ್ಲದ ಎಲುಬು ಎದ್ದು ಕಾಣುತ್ತಿದ್ದವು. ಕರೆಪ್ಪ ತಮ್ಮನ ಮುಂದೆ ಕುಳಿತು ಮಾತಾಡಿಸಿದ. ತಮ್ಮ ನಕ್ಕ, ಹೆಸರು ಹೇಳಲಿಲ್ಲ. ಕರೆಪ್ಪ ಎದ್ದು ಬಂದು ರುಕ್ಮವ್ವನ ಎದುರು ನಿಂತ.

"ಕೇರಿಯಾಗ ಒಲಿ ಹತ್ತಿಲ್ಲ ತಂಗಿ. ಮುದುಕರು ಅಡವಿ ಸೊಪ್ಪ ಕುದಿಸಿ ತಿನ್ನಾಕತ್ತಾರ. ಊರ ಮಂದಿ ಹೊಲದಾಗ ಕಾಲ ಇಡಗೊಡವಲ್ಲರು."

ರುಕ್ಮವ್ವ ಮಸಿ ಕೆರೆಯುವ ಕೈ ನಿಲ್ಲಿಸಲಿಲ್ಲ.

"ನಾ ಏನ ತಪ್ಪ ಮಾಡೇನಿ ಭಾವಾ?"

"ನೀ ಮಾಡಿಲ್ಲ. ಮಾಡೀನಿ ಅನ್ನು. ಒಂದ ಸಲ ಮೂಗ ತಿಕ್ಕು. ನಮ್ಮ ಅಪ್ಪ ತಿಕ್ಯಾನ. ನಾ ತಿಕ್ಕೇನಿ. ಏನೂ ಆಗೂದಿಲ್ಲ."

"ಬಾವಿಗೆ ಯಾರನ್ನೂ ತಡಿಬಾರದಂತ ಮುಂಬಯಿ ಸರಕಾರ ಕಾಯ್ದೆ ಮಾಡೇತಂತ, ಸಂತ್ಯಾಗ ಡಂಗರಾ ಹೊಡದಾರ."

"ಅದನ್ನ ಗೌಡಗ ಹೇಳಿದೆ. ಕಾಯ್ದೆ ಮುಂಬಯ್ಯಾಗೈತಿ, ಬಾವಿ ನಮ್ಮ ತೋಟದಾಗೈತಿ ಅಂದ."

ಕರೆಪ್ಪ ತಲೆಯ ರುಮಾಲು ಬಿಚ್ಚಿದ. ಬಗ್ಗಿ ಅದನ್ನು ಅವಳ ಕಾಲ ಮೇಲೆ ಇಟ್ಟ. ಗಂಡನ ಅಣ್ಣ ಅವನು. ಮರ್ಯಾದೆಗೆ ಅವಳು ಎಂದೂ ಅವನ ಎದುರಿಗೆ ಕೂತವಳಲ್ಲ. ರುಕ್ಮವ್ವ ಕಾಲು ಎಳೆದುಕೊಂಡಳು. ರುಮಾಲನ್ನು ಎತ್ತಿ ಅವನ ಕೈಗೆ ಕೊಟ್ಟಳು. ಅವಳ ಕೈಯ ಮಸಿ ಬಟ್ಟೆಗೆ ಹತ್ತಿತು.

"ಬರತೇನಿ, ನಡೀರಿ" ಎಂದಳು.

ಪಕ್ಕದ ಚಪ್ಪರದ ಮುದುಕಿಗೆ ಗಂಡನನ್ನು ನೋಡಿಕೊಳ್ಳಲು ಹೇಳಿ ಹೊರಟಳು. ಮೂಗು ತಿಕ್ಕಿದರೆ ತಿಕ್ಕಿದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಮಣ್ಣು ತೊಳೆದರೆ ಹೋಗುತ್ತದೆ. ಕೇರಿಯ ಒಲೆ ಹತ್ತುತ್ತವೆ. ಹೀಗೆ ಹೇಳಿಕೊಂಡೇ ತೋಟದವರೆಗೆ ನಡೆದಳು.

ಬಾವಿಯ ಸುತ್ತ ಊರಿನ ಗಂಡಸರು ಸೇರಿದ್ದರು. ದೂರದಲ್ಲಿ, ಹೊಲದ ಬದುವಿನ ಆಚೆ, ಕೇರಿಯವರನ್ನು ಸಾಲಾಗಿ ನಿಲ್ಲಿಸಿದ್ದರು. ನೋಡಲೆಂದೇ ನಿಲ್ಲಿಸಿದ್ದರು. ಗಿರಮಲ್ಲಪ್ಪ ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದ. ಅವನ ಹಿಂದೆ ಕಬ್ಬು ಅರ್ಧ ಹಳದಿಯಾಗಿತ್ತು.

ರುಕ್ಮವ್ವ ಪಾವಟಿಗೆಯ ಮುಂದೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಒಂದು ಮೊಳಕಾಲು ಊರಿದಳು.

"ತಡಿ" ಎಂದ ಗಿರಮಲ್ಲಪ್ಪ. "ಮೊದಲ ಇಂಜಿನ್ ಚಾಲೂ ಮಾಡು. ಕಬ್ಬ ಒಣಗಾಕತ್ತೈತಿ. ನಿನ್ನ ಗಂಡನ ಕೂಡ ಮಾಡಿ ಮಾಡಿ ನಿನಗ ಬರತೈತಂತ ಕೇಳೇನಿ. ಹಗ್ಗ ಅಲ್ಲೈತಿ. ಮೂಗ ತಿಕ್ಕೂದು ಆಮ್ಯಾಲ."

ಎದುರಿನ ದಂಡೆಯಲ್ಲಿ ಹಗ್ಗದ ಸುರುಳಿ ಬಿದ್ದಿತ್ತು. ಅವಳು ಮೊಳಕಾಲ ಮೇಲೆಯೇ ಬಗ್ಗಿ ಬಾವಿಯೊಳಗೆ ನೋಡಿದಳು. ಕಟ್ಟೆಯ ಮೇಲೆ ಇಂಜಿನ್. ಅದರ ಹೊಗೆಯ ತೂತು ಹಾಗೇ ಬಾಯಿ ತೆರೆದಿತ್ತು.

"ಹೊಗಿ ಕೊಳವಿ ಹಚ್ಚಿಸಿಲ್ಲೇನ್ರಿ?"

"ಮತ್ತ ಅದ ಮಾತ ತಗದಿ? ಚಾಲೂ ಮಾಡಿ ಲಗು ಮ್ಯಾಲ ಬಾ. ನಿನ್ನ ಗಂಡ ಸತ್ತಾನೇನ? ಜೀವಂತ ಅದಾನಲ್ಲ."

ರುಕ್ಮವ್ವ ಎದ್ದು ನಿಂತಳು. ಮೊಳಕಾಲಿನ ಮಣ್ಣನ್ನು ಕೈಯಿಂದ ಕೊಡವಿದಳು. ನಿಧಾನವಾಗಿ ಕೊಡವಿದಳು. ಅವಳಿಗೆ ಹೆದರಿಕೆ ಇತ್ತು. ಬದುವಿನ ಆಚೆ ನಿಂತವರ ಕಡೆ ನೋಡಲಿಲ್ಲ. ನೋಡಿದ್ದರೆ ಮತ್ತೆ ಬಗ್ಗುತ್ತಿದ್ದಳು.

"ನಾ ಹಗ್ಗದಾಗ ಇಳಿಯಂಗಿಲ್ರಿ" ಎಂದಳು. "ಕೊಳವಿ ಹಚ್ಚಿಸ್ರಿ. ಪಾವಟಿಗಿ ಮ್ಯಾಲ ಇಳೀತೇನಿ. ಚಾಲೂ ಮಾಡಿ ಪಾವಟಿಗಿ ಮ್ಯಾಲ ಹತ್ತತೇನಿ. ಮನಸಿದ್ದರ ಹೇಳ್ರಿ."

ಗಿರಮಲ್ಲಪ್ಪ ಅವಳ ಕಡೆ ನೋಡಲೇ ಇಲ್ಲ. ಅವಳ ಜೊತೆ ಇನ್ನು ಮಾತಾಡುವುದೇ ತನಗೆ ಅವಮಾನ ಎನ್ನುವ ಹಾಗೆ ಕರೆಪ್ಪನ ಕಡೆ ತಿರುಗಿದ.

"ಕರ್ಯಾ, ನಿನ್ನ ತಮ್ಮನ ಹೇಂತಿಗೆ ಹಗ್ಗ ಕಟ್ಟಲೇ. ಇಳಸು."

ಕರೆಪ್ಪ ಹೋಗಿ ಹಗ್ಗ ಎತ್ತಿಕೊಂಡ. ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಬಾವಿಯ ದಂಡೆ ಸುತ್ತಿ ಅವಳ ಕಡೆ ಬಂದ. ಅವಳು ನಿಂತೇ ಇದ್ದಳು. ಕಟ್ಟುತ್ತಾನೆ ಎಂದುಕೊಂಡಳು. ಕಟ್ಟಿದರೆ ತಾನು ಕೊಸರುವುದಿಲ್ಲ ಎಂದೂ ಅಂದುಕೊಂಡಳು. ಅವನ ಹಸಿವು ಅವಳಿಗೆ ಗೊತ್ತಿತ್ತು. ಅವನು ಹತ್ತಿರ ಬಂದು ಅವಳ ಸೊಂಟ ನೋಡಿದ. ಬಾವಿಯೊಳಗೆ ಇಂಜಿನ್ ನೋಡಿದ. ಹೆಗಲಿನ ಸುರುಳಿ ತೆಗೆದ. ಅದನ್ನು ಎರಡೂ ಕೈಯಿಂದ ಎತ್ತಿ ಬಾವಿಗೆ ಒಗೆದ.

ಹಗ್ಗ ನೀರಿಗೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

"ನಾ ಇಕಿನ್ನ ಕರಕೊಂಡ ಬಂದದ್ದ ಮೂಗ ತಿಕ್ಕಸಾಕ್ರಿ" ಎಂದ ಕರೆಪ್ಪ. "ಸಾಯಸಾಕಲ್ಲ. ಈಗ ಮೂಗೂ ತಿಕ್ಕೂದಿಲ್ಲ."

ಮೊದಲ ಕೋಲು ಅವನ ಕಿವಿಯ ಮೇಲೆ ಬಿತ್ತು. ಎರಡನೆಯದು ಹಣೆಯ ಮೇಲೆ. ಹಣೆ ಒಡೆಯಿತು. ಅವನು ಬಿದ್ದ. ರುಕ್ಮವ್ವ ಅವನ ಮೇಲೆ ಬಗ್ಗಿ ಕುಳಿತಳು. ಅವಳ ಬೆನ್ನಿಗೂ ಬಿದ್ದವು. ಕೋಲಿಗೆ ಮೈಲಿಗೆ ಇರಲಿಲ್ಲ. ಬದುವಿನ ಆಚೆಯಿಂದ ಅನಸವ್ವ ಓಡಿ ಬಂದಳು. ಅವಳ ಹಿಂದೆ ಇನ್ನೂ ಕೆಲವರು ಬದು ದಾಟಿದರು. ಬರಿಗೈಯವರು, ಹಸಿದವರು, ಹೊಡೆಯಲು ಬಂದವರಲ್ಲ. ಬಂದು ಬಿದ್ದವರ ಸುತ್ತ ನಿಂತರು. ಅಷ್ಟೇ. ಕೋಲುಗಳು ಸ್ವಲ್ಪ ಹೊತ್ತಿಗೆ ನಿಂತವು.

ಕರೆಪ್ಪನನ್ನು ಎಬ್ಬಿಸಿ ಎರಡೂ ಕಡೆ ಹಿಡಿದು ಅವರು ತೋಟದಿಂದ ಹೊರಗೆ ನಡೆದರು.

"ಯಾ ಹೊಲದಾಗ ಕೂಳ ತಿಂತೀರಿ ನೋಡತೇನಿ" ಎಂದು ಗಿರಮಲ್ಲಪ್ಪ ಹಿಂದಿನಿಂದ ಹೇಳಿದ. ಅವನು ಹೇಳಿದ್ದು ಸುಳ್ಳಾಗಲಿಲ್ಲ.

ಕಬ್ಬು ಒಣಗಿತು. ಅದರಿಂದ ಕೇರಿಯವರಿಗೆ ಅನ್ನ ಸಿಗಲಿಲ್ಲ. ಗಿರಮಲ್ಲಪ್ಪ ಬಾವಿಗೆ ಮತ್ತೆ ಎತ್ತು ಕಟ್ಟಿದ. ಕೇರಿಯ ಕೆಲವು ಮನೆಗಳಿಗೆ ಬೀಗ ಬಿತ್ತು. ಕೆಲವರು ರಸ್ತೆಗೆ ಖಡಿ ಒಡೆಯಲು ಹೋದರು. ಕೆಲವರು ಊರಲ್ಲೇ ಉಳಿದು ಗೌಡನ ಕಾಲು ಹಿಡಿದರು. ಅವರನ್ನು ರುಕ್ಮವ್ವ ಬಯ್ಯಲಿಲ್ಲ. ಪೊಲೀಸರ ಹತ್ತಿರ ಹೋಗು ಎಂದು ಹೇಳಿದವರೂ ಇದ್ದರು. ಅಂದು ಅಲ್ಲಿ ನಿಂತವರಲ್ಲಿ ಸಾಕ್ಷಿ ಹೇಳುವವನು ಯಾರು ಎಂದು ಅವಳು ಕೇಳಿದಳು.

ಹುಲೆಪ್ಪ ಆ ಮಳೆಗಾಲ ದಾಟಲಿಲ್ಲ. ಒಂದು ಜ್ವರಕ್ಕೆ ಹೋದ. ಕೊನೆಗೆ ಅವನಿಗೆ ಮಾತೇ ಇರಲಿಲ್ಲ.

ಕರೆಪ್ಪ, ಅನಸವ್ವ ಇಬ್ಬರೂ ತಗಡಿನ ಚಪ್ಪರದಲ್ಲೇ ಉಳಿದರು. ಕರೆಪ್ಪನಿಗೆ ಒಂದು ಕಿವಿ ಕೇಳಿಸುತ್ತಿರಲಿಲ್ಲ. ರುಕ್ಮವ್ವ ಬಿಚ್ಚಿದಳು, ಅವನು ಎತ್ತಿಕೊಟ್ಟ, ಅನಸವ್ವ ಮಸಿ ಕೆರೆದಳು. ಹೊಳೆ ದಂಡೆಯ ಗಾಡಿಗಳು ಬರುವುದು ನಿಂತೇ ಹೋಗಿತ್ತು. ಬನಹಟ್ಟಿಯ ನೇಕಾರರೊಬ್ಬರು ಒಂದು ಸಣ್ಣ ಇಂಜಿನ್ ರಿಪೇರಿಗೆ ಕೊಟ್ಟು ಹೋಗಿದ್ದರು. ಅದು ಮುಗಿದ ಮೇಲೆ ಕೆಲಸವಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಬೀಳಗಿ ಕಡೆಯ ಒಬ್ಬ ರೈತ ಗಾಡಿಯಲ್ಲಿ ಇಂಜಿನ್ ಹೇರಿಕೊಂಡು ಬಂದ. ರಸ್ತೆಯಲ್ಲೇ ನಿಂತು ಕೂಗಿದ. ರುಕ್ಮವ್ವ ಹೊರಗೆ ಬಂದಳು. ಹಿಂದಿನ ದಿನದಿಂದ ಚಪ್ಪರದಲ್ಲಿ ಒಲೆ ಹತ್ತಿರಲಿಲ್ಲ. ಅನಸವ್ವ ಬಾಗಿಲಲ್ಲಿ ನಿಂತು ಗಾಡಿಯನ್ನೇ ನೋಡುತ್ತಿದ್ದಳು.

"ಇದನ್ನ ಸರಿ ಮಾಡಿ, ಬಾವ್ಯಾಗ ಕುಂಡ್ರಿಸಿ ಕೊಡಬೇಕ ನೋಡು" ಎಂದ ಆ ರೈತ.

"ಮಾಡತೇನ್ರಿ. ಬಾವಿಗೆ ಪಾವಟಿಗಿ ಅದಾವೇನ್ರಿ?"

"ಅದಾವ. ಯಾಕ?"

"ಪಾವಟಿಗಿ ಮ್ಯಾಲ ಇಳಿಯಾಕ ಬಿಡತೀರೇನ್ರಿ?"

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಅದು ಮನಿ ಮಂದಿ ನೀರ ತರೂ ಬಾವಿ. ಹಗ್ಗ ಕೊಡತೇವಿ."

"ಹಂಗಾರ ಆಗೂದಿಲ್ರಿ."

"ಊಟಕ್ಕೂ ಕೊಡತೇವಿ. ಜ್ವಾಳಾ ಕೊಡತೇವಿ."

ರುಕ್ಮವ್ವ ಬಾಯಿ ತೆರೆದಳು. ಜೋಳ ಎಂಬ ಮಾತಿಗೆ ಬಾಯಲ್ಲಿ ನೀರು ಬಂತು. ಅದನ್ನು ನುಂಗಿಕೊಂಡಳು.

"ಆಗೂದಿಲ್ರಿ" ಎಂದಳು.

ಅವನು ಎತ್ತುಗಳ ಹಗ್ಗ ಎಳೆದ. ಗಾಡಿ ತಿರುಗಿತು. ಇಂಜಿನ್ ಹಲಗೆಯ ಮೇಲೆ ಗಡಗಡ ಎಂದಿತು. ಗಾಡಿ ರಸ್ತೆಯ ತಿರುವಿನಲ್ಲಿ ಮರೆಯಾಗುವ ತನಕ ಮೂವರೂ ನೋಡಿದರು. ರುಕ್ಮವ್ವನಿಗೆ ಭಾವನ ಮುಖ ನೋಡುವ ಧೈರ್ಯ ಬರಲಿಲ್ಲ. ಕೈ ಒರೆಸಿಕೊಳ್ಳುತ್ತ ನಿಂತಳು.

ಕರೆಪ್ಪ ಅವಳ ಪಕ್ಕಕ್ಕೆ ಬಂದ. ಕೇಳಿಸುವ ಕಿವಿಯನ್ನು ಅವಳ ಕಡೆ ತಿರುಗಿಸಿ ನಿಂತ.

"ಮುಂದ ಬಂದಾವಗೂ ಇದನ್ನ ಕೇಳು" ಎಂದ.